ಈಚೆ ದಡದಿಂದ ಆಚೆ ದಡಕ್ಕೆ: ಜೀವಕೋಶದ ಪೊರೆಯಲ್ಲೊಂದು ಕಡವು

ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಹೋಗುವುದು ಯಾವ ಮನೆಯಲ್ಲೂ ಅಪರೂಪದ ಸಂಗತಿಯಲ್ಲ. ರಕ್ತ ಒಸರುತ್ತದೆ. ಬೆರಳನ್ನು ಒತ್ತಿ ಹಿಡಿದರೆ ಐದು-ಹತ್ತು ನಿಮಿಷಗಳಲ್ಲಿ ಅದು ಹೆಪ್ಪುಗಟ್ಟಿ ನಿಲ್ಲುತ್ತದೆ. ನಾವದನ್ನು ಅಲ್ಲಿಗೇ ಮರೆತುಬಿಡುತ್ತೇವೆ. ಆದರೆ ಸ್ವಲ್ಪ ಯೋಚಿಸಿ ನೋಡಿದರೆ ಇದರಲ್ಲೊಂದು ಒಗಟು ಅಡಗಿದೆ. ರಕ್ತವನ್ನು ಹೆಪ್ಪುಗಟ್ಟಿಸುವ ಸಾಮಗ್ರಿಗಳು ಹಗಲಿರುಳೂ ನಮ್ಮ ರಕ್ತನಾಳಗಳಲ್ಲಿ ಹರಿಯುತ್ತಲೇ ಇರುತ್ತವೆ. ಹಾಗಿದ್ದೂ ಗಾಯವಿಲ್ಲದಾಗ ಅವು ಸುಮ್ಮನಿರುತ್ತವೆ. ಗಾಯವಾದ ಕೂಡಲೆ, ಗಾಯವಾದ ಜಾಗದಲ್ಲಿ ಮಾತ್ರ, ಕೆಲಸಕ್ಕೆ ತೊಡಗುತ್ತವೆ. ಇಲ್ಲಿ ಹೆಪ್ಪುಗಟ್ಟಬೇಕು, ಅಲ್ಲಿ ಕೂಡದು ಎಂದು ಅವಕ್ಕೆ ತಿಳಿಸುವವರು ಯಾರು?

ಈ ಪ್ರಶ್ನೆಯ ಉತ್ತರದಲ್ಲಿ ಹಲವು ಭಾಗಗಳಿವೆ. ಅವುಗಳಲ್ಲೊಂದು ಭಾಗ ಬಹು ಸ್ವಾರಸ್ಯಕರವಾದುದು. ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಚಪ್ಪಟೆ ಕಣಗಳ ಪೊರೆಯಲ್ಲಿ ಒಂದು ಜಾತಿಯ ಕೊಬ್ಬಿನ ಅಣುಗಳಿವೆ. ಅವುಗಳ ಹೆಸರು ಫಾಸ್ಫಟಿಡೈಲ್ ಸೆರೀನ್. ಹೆಸರು ಉದ್ದವಾಯಿತು, ಈ ಲೇಖನದ ಮಟ್ಟಿಗೆ ನಾವದನ್ನು 'ಸೆರೀನ್ ಕೊಬ್ಬು' ಎಂದು ಕರೆಯೋಣ. ಸಾಮಾನ್ಯ ಕಾಲದಲ್ಲಿ ಈ ಕೊಬ್ಬು ಪೊರೆಯ ಒಳಮೈಯಲ್ಲಿ ಮರೆಯಾಗಿರುತ್ತದೆ. ಗಾಯದ ಬಳಿ ಪ್ಲೇಟ್‌ಲೆಟ್ ಉದ್ರಿಕ್ತವಾದಾಗ ಅದು ಹೊರಮೈಗೆ ಬರುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಕುಳಿತು ಕೆಲಸ ಮಾಡಲು ಅದೇ ಜಗಲಿ. ಜಗಲಿ ಸಿಕ್ಕಿತೋ, ಕೆಲಸ ನೂರಾರು ಪಟ್ಟು ಬಿರುಸಿನಿಂದ ಸಾಗುತ್ತದೆ. ಜಗಲಿ ಇಲ್ಲವೋ, ರಕ್ತ ಸೋರುತ್ತಲೇ ಇರುತ್ತದೆ.

ಒಳಮೈಯಿಂದ ಹೊರಮೈಗೆ ಇರುವ ದೂರ ಎಷ್ಟು? ಮಿಲಿಮೀಟರಿನ ಸುಮಾರು ಎರಡು ಲಕ್ಷದ ಒಂದು ಭಾಗ. ಆದರೆ ಆ ಕೊಬ್ಬಿನ ಅಣುವಿಗೆ ಅದು ತಾನಾಗಿ ದಾಟಲಾಗದ ಹೊಳೆ. ಅದನ್ನು ದಾಟಿಸಲು ಜೀವಕೋಶದಲ್ಲಿ ಪ್ರತ್ಯೇಕ ಅಂಬಿಗರಿದ್ದಾರೆ. ಆ ಅಂಬಿಗರ ಕಥೆಯೇ ಈ ಲೇಖನದ ವಸ್ತು.

ಎರಡು ಪದರಗಳ ಗೋಡೆ

ಮೊದಲಿಗೆ ಗೋಡೆಯ ವಿಚಾರ. ನಮ್ಮ ಶರೀರದ ಪ್ರತಿಯೊಂದು ಜೀವಕೋಶವನ್ನೂ ಒಂದು ತೆಳುವಾದ ಪೊರೆ ಸುತ್ತುವರಿದಿದೆ. ಈ ಪೊರೆಯ ಮುಖ್ಯ ಸಾಮಗ್ರಿ ಫಾಸ್ಫೋಲಿಪಿಡ್ ಎಂಬ ಕೊಬ್ಬು. ಇದರ ಅಣುವಿಗೆ ಒಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಪ್ರೀತಿ. ಬಾಲಗಳಿಗೆ ನೀರೆಂದರೆ ಆಗದು. ಗಂಜಿಯ ಮೇಲೆ ಬಿದ್ದ ತೆಂಗಿನೆಣ್ಣೆ ಹನಿಹನಿಯಾಗಿ ತೇಲುವುದಕ್ಕೂ ಇದೇ ಬಗೆಯ ಸ್ವಭಾವ ಕಾರಣ. ಇಂಥ ಅಣುಗಳು ನೀರಿನಲ್ಲಿ ಒಟ್ಟುಗೂಡಿದಾಗ ಬಾಲಗಳನ್ನು ಒಳಗೆ ಮುಚ್ಚಿಟ್ಟುಕೊಂಡು, ತಲೆಗಳನ್ನು ಎರಡೂ ಕಡೆಯ ನೀರಿಗೆ ಒಡ್ಡಿ, ಎರಡು ಪದರಗಳ ಹಾಳೆಯಾಗಿ ನಿಲ್ಲುತ್ತವೆ. ಹಾಳೆಯ ಎರಡು ಮೈಗಳೂ ನೀರಿಗೆ ಸ್ನೇಹಿತರು, ನಡುವೆ ಶುದ್ಧ ಎಣ್ಣೆ.

ಇದನ್ನು ಮೊದಲು ಅಳೆದು ತೋರಿಸಿದವರು ಹಾಲೆಂಡಿನ ಲೈಡನ್ ಪಟ್ಟಣದ ಇಬ್ಬರು, ಗಾರ್ಟರ್ ಮತ್ತು ಗ್ರೆಂಡೆಲ್. ವರ್ಷ 1925. ಗಾರ್ಟರ್ ಮಕ್ಕಳ ವೈದ್ಯರು. ಅವರು ಕೆಂಪು ರಕ್ತಕಣಗಳಿಂದ ಕೊಬ್ಬನ್ನು ಬೇರ್ಪಡಿಸಿ ನೀರಿನ ಮೇಲೆ ಹರಡಿದರು. ನೀರಿನ ಮೇಲೆ ಅದು ಒಂದೇ ಅಣುವಿನಷ್ಟು ದಪ್ಪದ ತೆಳುಪದರವಾಗಿ ಹಬ್ಬಿತು. ಅದರ ವಿಸ್ತಾರವನ್ನು ಅಳೆದು, ಆ ರಕ್ತಕಣಗಳ ಮೇಲ್ಮೈ ವಿಸ್ತಾರದೊಡನೆ ಹೋಲಿಸಿದಾಗ ಸರಿಯಾಗಿ ಎರಡು ಪಟ್ಟು ಇತ್ತು. ಎಂದರೆ ಪೊರೆಯಲ್ಲಿ ಪದರಗಳು ಎರಡು! ಮುಂದೆ ಪರೀಕ್ಷಿಸಿದವರಿಗೆ ಅವರ ಲೆಕ್ಕದಲ್ಲಿ ಎರಡು ಕೊರತೆಗಳು ಕಂಡುಬಂದವು. ಕೊಬ್ಬು ಪೂರ್ತಿಯಾಗಿ ಹೊರಬಂದಿರಲಿಲ್ಲ. ಒಣಗಿದ ಕಣಗಳನ್ನು ಅಳೆದದ್ದರಿಂದ ಕಣದ ಮೇಲ್ಮೈಯೂ ಕಡಿಮೆಯೆಂದು ಗಣಿತವಾಗಿತ್ತು. ಒಂದು ಕೊರತೆ ಇನ್ನೊಂದನ್ನು ಸರಿದೂಗಿಸಿ ಉತ್ತರ ಮಾತ್ರ ಸರಿಯಾಗಿ ಬಂದಿತ್ತು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಅದೃಷ್ಟ ಎಲ್ಲರಿಗೂ ಒದಗುವಂಥದಲ್ಲ.

ಎರಡು ಮೈ, ಎರಡು ಬಣ್ಣ

ಗೋಡೆಗೆ ಎರಡು ಪದರವೆಂದು ತಿಳಿದ ಮೇಲೂ ಬಹುಕಾಲ ಎರಡೂ ಪದರಗಳು ಒಂದೇ ತೆರನೆಂದು ಭಾವಿಸಲಾಗಿತ್ತು. 1972ರಲ್ಲಿ ಕೇಂಬ್ರಿಜಿನ ಮಾರ್ಕ್ ಬ್ರೆಚರ್ ಎಂಬ ವಿಜ್ಞಾನಿ ಈ ಭಾವನೆಯನ್ನು ಅಲುಗಾಡಿಸಿದರು. ಪೊರೆಯನ್ನು ದಾಟಿ ಒಳಹೋಗಲಾರದ ರಾಸಾಯನಿಕದಿಂದ ಅವರು ಇಡಿಯ ರಕ್ತಕಣಗಳ ಹೊರಮೈಯನ್ನು ಗುರುತು ಮಾಡಿ ನೋಡಿದರು. ಕೆಲವು ಜಾತಿಯ ಕೊಬ್ಬಿಗೆ ಗುರುತೇ ಹತ್ತಲಿಲ್ಲ. ಕಣವನ್ನು ಒಡೆದು ನೋಡಿದರೆ ಅದೇ ಕೊಬ್ಬು ಅಲ್ಲಿತ್ತು. ಅದು ಒಳಮೈಯಲ್ಲಿ ಕುಳಿತಿತ್ತೆಂದೇ ಅರ್ಥ.

ಮರುವರ್ಷ ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದ ವಾನ್ ಡೀನೆನ್ ಮತ್ತು ಅವರ ಸಂಗಡಿಗರು ಇದನ್ನು ಇನ್ನೂ ನಿಖರವಾಗಿ ಅಳೆದರು. ಅವರಿಗೆ ನೆರವಾದದ್ದು ನಮಗೆಲ್ಲ ಪರಿಚಿತವಾದ ಪ್ರಾಣಿ, ನಾಗರಹಾವು. ನಾಗರಹಾವಿನ ವಿಷದಲ್ಲಿ ಕೊಬ್ಬಿನ ಅಣುವಿನ ಬಾಲವನ್ನು ಕತ್ತರಿಸುವ ಕಿಣ್ವವೊಂದಿದೆ. ರಕ್ತಕಣವನ್ನು ಒಡೆಯದೆ ಹೊರಗಿನಿಂದ ಈ ಕಿಣ್ವವನ್ನು ಪ್ರಯೋಗಿಸಿದರೆ ಅದು ಹೊರಮೈಯ ಕೊಬ್ಬನ್ನಷ್ಟೇ ಕತ್ತರಿಸುತ್ತದೆ. ಕತ್ತರಿಸಿದ್ದೆಷ್ಟು, ಉಳಿದದ್ದೆಷ್ಟು ಎಂದು ಅಳೆದರೆ ಹೊರಗಿನದೂ ಒಳಗಿನದೂ ತಿಳಿಯುತ್ತದೆ. ಇಂತಹ ಹಲವು ಕಿಣ್ವಗಳನ್ನು ಬಳಸಿ ಅವರು ಕಂಡದ್ದಿಷ್ಟು: ಕೋಲೀನ್ ತಲೆಯುಳ್ಳ ಕೊಬ್ಬಿನಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಹೊರಮೈಯಲ್ಲಿದೆ. ಇಥನಾಲಮೀನ್ ತಲೆಯುಳ್ಳದ್ದರಲ್ಲಿ ಹೆಚ್ಚಿನ ಪಾಲು ಒಳಮೈಯಲ್ಲಿದೆ. ನಾವು ಆಗಲೇ ಹೇಳಿದ ಸೆರೀನ್ ಕೊಬ್ಬಂತೂ ಬಹುಮಟ್ಟಿಗೆ ಪೂರ್ತಿಯಾಗಿ ಒಳಮೈಯಲ್ಲೇ ಇದೆ. ಹಾವಿನ ವಿಷದಿಂದ ಜೀವದ ಗುಟ್ಟು ಹೊರಬಂದಂತಾಯಿತು.

ತಾನಾಗಿ ದಾಟಲಾರದು

ಹಾಗಾದರೆ ಈ ವ್ಯತ್ಯಾಸ ಉಳಿದಿರುವುದು ಹೇಗೆ? ಕೊಬ್ಬಿನ ಅಣುಗಳೇನೂ ಕಲ್ಲಿನಲ್ಲಿ ಕೆತ್ತಿದಂತೆ ನಿಂತವಲ್ಲ. ತನ್ನ ಪದರದೊಳಗೆ ಒಂದು ಅಣು ಜಾತ್ರೆಯ ಜನಸಂದಣಿಯಲ್ಲಿ ನುಸುಳುವ ಹುಡುಗನಂತೆ ಓಡಾಡುತ್ತದೆ. ಒಂದು ಬ್ಯಾಕ್ಟೀರಿಯದ ಈ ತುದಿಯಿಂದ ಆ ತುದಿಗೆ ಹೋಗಲು ಅದಕ್ಕೆ ಸುಮಾರು ಒಂದು ಸೆಕೆಂಡು ಸಾಕು. ಆದರೆ ಪದರ ಬಿಟ್ಟು ಪದರಕ್ಕೆ ಹಾರಬೇಕಾದರೆ ನೀರನ್ನು ಬಯಸುವ ತಲೆಯನ್ನು ನಡುವಿನ ಎಣ್ಣೆಯಲ್ಲಿ ಮುಳುಗಿಸಿ ಎಳೆಯಬೇಕು. ಅದು ಬಹಳ ದುಬಾರಿಯಾದ ಕೆಲಸ.

ಎಷ್ಟು ದುಬಾರಿ ಎಂಬುದನ್ನು 1971ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೋಜರ್ ಕಾರ್ನ್‌ಬರ್ಗ್ ಎಂಬ ವಿದ್ಯಾರ್ಥಿಯೂ ಅವರ ಗುರು ಹಾರ್ಡನ್ ಮೆಕ್‌ಕಾನೆಲ್ಲರೂ ಅಳೆದರು. ಪ್ರೋಟೀನು ಏನೂ ಇಲ್ಲದ, ಬರಿಯ ಕೊಬ್ಬಿನಿಂದಲೇ ಮಾಡಿದ ಸಣ್ಣ ಗುಳ್ಳೆಗಳಲ್ಲಿ ಒಂದು ಪದರದ ಅಣುಗಳಲ್ಲಿ ಅರ್ಧದಷ್ಟು ಆಚೆಗೆ ದಾಟಲು 30 ಡಿಗ್ರಿ ಉಷ್ಣತೆಯಲ್ಲಿ ಸುಮಾರು ಆರೂವರೆ ಗಂಟೆ ಹಿಡಿಯಿತು. ಬೇರೆ ಪೊರೆಗಳಲ್ಲಿ ಇದು ದಿನಗಟ್ಟಲೆಯೂ ಆಗಬಹುದು. ಈ ವಿದ್ಯಾರ್ಥಿಯೇ ಮುಂದೆ ಬೇರೊಂದು ಸಂಶೋಧನೆಗಾಗಿ 2006ರಲ್ಲಿ ನೊಬೆಲ್ ಬಹುಮಾನ ಪಡೆದರು.

ಈಗ ಇನ್ನೊಂದು ತೊಡಕು. ಬ್ಯಾಕ್ಟೀರಿಯ ಎಂಬ ಸೂಕ್ಷ್ಮಜೀವಿ ಅನುಕೂಲ ಸಿಕ್ಕಿದರೆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಒಂದು ಎರಡಾಗುತ್ತದೆ. ಅಷ್ಟರೊಳಗೆ ಅದರ ಪೊರೆಯೂ ಎರಡು ಪಟ್ಟಾಗಬೇಕು. ಹೊಸ ಕೊಬ್ಬನ್ನು ತಯಾರಿಸುವ ಕಿಣ್ವಗಳು ಇರುವುದು ಒಳಮೈಯಲ್ಲಿ ಮಾತ್ರ. ತಯಾರಾದುದರಲ್ಲಿ ಅರ್ಧದಷ್ಟು ಆಚೆಯ ಪದರಕ್ಕೆ ಹೋಗದಿದ್ದರೆ ಪೊರೆ ಒಂದೇ ಕಡೆಗೆ ಬೆಳೆದು ಸುರುಟಿಹೋದೀತು. ಆರೂವರೆ ಗಂಟೆ ಕಾಯಲು ಅದಕ್ಕೆ ಪುರುಸೊತ್ತೆಲ್ಲಿದೆ? 1977ರಲ್ಲಿ ಹಾರ್ವರ್ಡಿನ ಜೇಮ್ಸ್ ರಾತ್‌ಮನ್ ಮತ್ತು ಯೂಜೀನ್ ಕೆನೆಡಿ ಇದನ್ನು ಒಂದು ಬ್ಯಾಕ್ಟೀರಿಯದಲ್ಲಿ ಪರೀಕ್ಷಿಸಿದರು. ಹೊಸದಾಗಿ ತಯಾರಾದ ಕೊಬ್ಬು ಸುಮಾರು ಮೂರೇ ನಿಮಿಷಗಳ ಲೆಕ್ಕದಲ್ಲಿ ಹೊರಮೈ ಸೇರುತ್ತಿತ್ತು. ಗಂಟೆಗಟ್ಟಲೆ ಹಿಡಿಯಬೇಕಾದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತಿದೆ ಎಂದ ಮೇಲೆ ಯಾರೋ ಕೈಹಿಡಿದು ದಾಟಿಸುತ್ತಿರಲೇಬೇಕು. ದಾಟಿಸುವ ಪ್ರೋಟೀನುಗಳು ಇರಬೇಕೆಂದು ಬ್ರೆಚರ್ ಅದಾಗಲೇ ಊಹಿಸಿ 'ಫ್ಲಿಪ್ಪೇಸ್' ಎಂಬ ಹೆಸರನ್ನೂ ಇಟ್ಟಿದ್ದರು. ಮಗುಚಿಹಾಕುವವ ಎಂದು ಅದರ ಅರ್ಥ.

ಮೂರು ಬಗೆಯ ಅಂಬಿಗರು

ಇಂದು ನಮಗೆ ಮೂರು ಬಗೆಯ ಅಂಬಿಗರು ಗೊತ್ತು. ಹೊರಗಿನಿಂದ ಒಳಕ್ಕೆ ದಾಟಿಸುವವರು ಫ್ಲಿಪ್ಪೇಸ್‌ಗಳು. ಒಳಗಿನಿಂದ ಹೊರಕ್ಕೆ ದಾಟಿಸುವವರು ಫ್ಲಾಪ್ಪೇಸ್‌ಗಳು. ಇವರಿಬ್ಬರೂ ಕೂಲಿ ಇಲ್ಲದೆ ದುಡಿಯುವವರಲ್ಲ. ನಾವು ಉಣ್ಣುವ ಅನ್ನದಿಂದ ಶರೀರ ತಯಾರಿಸುವ ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯವನ್ನು ಪ್ರತಿ ಸಲವೂ ಕೊಡಬೇಕು. ಮೂರನೆಯವರು ಸ್ಕ್ರಾಂಬ್ಲೇಸ್‌ಗಳು. ಇವರಿಗೆ ಕೂಲಿ ಬೇಡ, ದಿಕ್ಕೂ ಇಲ್ಲ. ಬಾಗಿಲು ತೆರೆದರೆಂದರೆ ಒಳಗಿನದು ಹೊರಕ್ಕೆ, ಹೊರಗಿನದು ಒಳಕ್ಕೆ, ಎಲ್ಲವೂ ಕಲಸುಮೇಲೋಗರ. ಒಂದೊಂದು ಸ್ಕ್ರಾಂಬ್ಲೇಸೂ ಸೆಕೆಂಡಿಗೆ ಹತ್ತು ಸಾವಿರಕ್ಕೂ ಹೆಚ್ಚು ಅಣುಗಳನ್ನು ದಾಟಿಸಬಲ್ಲದೆಂದು ಪ್ರಯೋಗಗಳು ತೋರಿಸಿವೆ.

ಮೊದಲ ಬಗೆಯ ಅಂಬಿಗನನ್ನು ಕೆಲಸದಲ್ಲಿ ಹಿಡಿದವರು ಪ್ಯಾರಿಸ್ಸಿನ ಸೆನ್ಯರೇ ಮತ್ತು ದೆವೊ. 1984ರಲ್ಲಿ ಅವರು ಗುರುತು ಮಾಡಿದ ಕೊಬ್ಬಿನ ಅಣುಗಳನ್ನು ಮನುಷ್ಯನ ಕೆಂಪು ರಕ್ತಕಣಗಳ ಹೊರಮೈಗೆ ಸೇರಿಸಿ ನೋಡುತ್ತಿದ್ದರು. ಸೆರೀನ್ ಮತ್ತು ಇಥನಾಲಮೀನ್ ತಲೆಯುಳ್ಳವು ಬೇಗನೆ ಒಳಕ್ಕೆ ಸರಿದುಹೋದವು. ಕೋಲೀನ್ ತಲೆಯುಳ್ಳವು ಹೊರಗೇ ಉಳಿದವು. ಕಣದಲ್ಲಿ ಎ.ಟಿ.ಪಿ. ಮುಗಿದಿದ್ದರೆ ಈ ಸಾಗಾಟ ನಿಲ್ಲುತ್ತಿತ್ತು. ಅಂಬಿಗ ಪ್ರಯಾಣಿಕರ ಮುಖ ನೋಡಿಯೇ ದಾಟಿಸುತ್ತಾನೆ, ಕೂಲಿ ಪಡೆದೇ ದಾಟಿಸುತ್ತಾನೆ ಎಂಬ ಎರಡು ವಿಷಯಗಳೂ ಒಮ್ಮೆಗೇ ಸ್ಪಷ್ಟವಾದವು.

ಈ ಅಂಬಿಗನ ವಂಶ ಯಾವುದೆಂದು 1996ರಲ್ಲಿ ತಿಳಿಯಿತು. ಡೆನ್ಮಾರ್ಕಿನ ಆರ್ಹಸ್ಸಿನಲ್ಲಿ ಯೆನ್ಸ್ ಸ್ಕೌ 1957ರಲ್ಲಿ ಕಂಡುಹಿಡಿದ ಸೋಡಿಯಂ-ಪೊಟಾಸಿಯಂ ಪಂಪು ಪ್ರಸಿದ್ಧವಾದದ್ದು. ಅದಕ್ಕಾಗಿ ಅವರಿಗೆ 1997ರಲ್ಲಿ ನೊಬೆಲ್ ಬಹುಮಾನವೂ ಬಂತು. ಫ್ಲಿಪ್ಪೇಸ್ ಅದೇ ವಂಶದ ಇನ್ನೊಂದು ಕವಲು. ಮನುಷ್ಯರಲ್ಲಿ ಈ ಕವಲಿನ ಹದಿನಾಲ್ಕು ಪ್ರೋಟೀನುಗಳಿವೆ.

ಆದರೆ ಇಲ್ಲೊಂದು ಸೋಜಿಗ. ಸೋಡಿಯಂ ಪಂಪು ಸಾಗಿಸುವುದು ಒಂಟಿ ಪರಮಾಣುವಿನಷ್ಟು ಸಣ್ಣ ವಸ್ತುವನ್ನು. ಕೊಬ್ಬಿನ ಅಣುವಾದರೋ ಅದಕ್ಕಿಂತ ಮೂವತ್ತು ಪಟ್ಟು ಭಾರ, ಜೊತೆಗೆ ಎರಡು ಉದ್ದನೆಯ ಬಾಲ. ಅಷ್ಟೇ ಗಾತ್ರದ ದೋಣಿಯಲ್ಲಿ ಇಷ್ಟು ದೊಡ್ಡ ಪ್ರಯಾಣಿಕ ಹೇಗೆ ಹಿಡಿಸುತ್ತಾನೆ?

ಇದಕ್ಕೆ ಒಂದು ಸುಂದರವಾದ ಉತ್ತರವನ್ನು 2006ರಲ್ಲಿ ಥಾಮಸ್ ಪೊಮೊರ್ಸ್ಕಿ ಮತ್ತು ಅನಂತ್ ಮೆನನ್ ಎಂಬ ವಿಜ್ಞಾನಿಗಳು ಸೂಚಿಸಿದರು. ಅಂಗಡಿಯಲ್ಲಿ ಬ್ಯಾಂಕಿನ ಕಾರ್ಡನ್ನು ಯಂತ್ರದ ಸೀಳಿನಲ್ಲಿ ಉಜ್ಜುವುದನ್ನು ವಾಚಕರು ಕಂಡಿರಬಹುದು. ಕಾರ್ಡಿನ ಒಂದು ಅಂಚು ಮಾತ್ರ ಸೀಳಿನಲ್ಲಿ ಜಾರುತ್ತದೆ, ಉಳಿದ ಭಾಗ ಹೊರಗೇ ಇರುತ್ತದೆ. ಅದೇ ರೀತಿ ಪ್ರೋಟೀನಿನ ಬದಿಯಲ್ಲಿ ನೀರಿನ ಗುಣವುಳ್ಳ ಒಂದು ತೋಡು ಇದೆ. ಕೊಬ್ಬಿನ ಅಣುವಿನ ತಲೆ ಆ ತೋಡಿನಲ್ಲಿ ಜಾರಿಹೋಗುತ್ತದೆ. ಬಾಲಗಳು ಪಕ್ಕದ ಎಣ್ಣೆಯಲ್ಲೇ ತೇಲುತ್ತ ಹಿಂಬಾಲಿಸುತ್ತವೆ. ತಲೆಗೆ ನೀರು ತಪ್ಪಲಿಲ್ಲ, ಬಾಲಕ್ಕೆ ಎಣ್ಣೆ ತಪ್ಪಲಿಲ್ಲ! 2014ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ಕಿನಲ್ಲಿ ರೈಮುಂಡ್ ಡುಟ್ಸ್‌ಲರ್ ಮತ್ತು ಸಂಗಡಿಗರು ಬೂಷ್ಟಿನ ಜಾತಿಯ ಒಂದು ಶಿಲೀಂಧ್ರದ ಸ್ಕ್ರಾಂಬ್ಲೇಸಿನ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ತೋರಿಸಿದಾಗ, ಅಂತಹದೊಂದು ತೋಡು ಪೊರೆಯತ್ತ ಮುಖಮಾಡಿ ನಿಂತಿರುವುದು ಕಂಡುಬಂತು. ಫ್ಲಿಪ್ಪೇಸುಗಳ ರಚನೆಗಳು 2019ರಲ್ಲಿ ಹೊರಬಿದ್ದವು. ಆ ಕೆಲಸ ಮಾಡಿದ ತಂಡಗಳಲ್ಲಿ ಒಂದು ಸ್ಕೌ ಅವರ ಆರ್ಹಸ್ಸಿನದೇ.

ಎಂದ ಮೇಲೆ ನಾವು ಕೊಟ್ಟ ಅಂಬಿಗನ ಹೋಲಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಈ ಅಂಬಿಗ ದೋಣಿ ನಡೆಸಿಕೊಂಡು ಆಚೆ ದಡಕ್ಕೆ ಹೋಗುವವನಲ್ಲ. ಹೊಳೆಯ ನಡುವೆ ಕಂಬದಂತೆ ನಿಂತು, ತನ್ನ ಪಕ್ಕದಲ್ಲಿ ದಾರಿ ಬಿಡುವವನು.

ರಕ್ತ ನಿಲ್ಲದವರ ಕಥೆ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಗಾಯದ ಬಳಿ ಸೆರೀನ್ ಕೊಬ್ಬನ್ನು ಹೊರಗೆ ತಂದವರು ಯಾರು?

1979ರಲ್ಲಿ ಅಮೆರಿಕದ ವೈದ್ಯರು ಒಂದು ವಿಚಿತ್ರ ರಕ್ತಸ್ರಾವದ ಕಾಯಿಲೆಯನ್ನು ವರದಿ ಮಾಡಿದರು. ರೋಗಿಯಲ್ಲಿ ಪ್ಲೇಟ್‌ಲೆಟ್‌ಗಳ ಸಂಖ್ಯೆಗೆ ಕೊರತೆಯಿಲ್ಲ. ಅವು ಒಂದಕ್ಕೊಂದು ಅಂಟುವುದರಲ್ಲೂ ದೋಷವಿಲ್ಲ. ಹೆಪ್ಪುಗಟ್ಟಿಸುವ ಪ್ರೋಟೀನುಗಳೂ ಸರಿಯಾಗಿವೆ. ಹಾಗಿದ್ದೂ ರಕ್ತ ಬೇಗ ನಿಲ್ಲುವುದಿಲ್ಲ. ಸ್ಕಾಟ್ ಸಿಂಡ್ರೋಮ್ ಎಂದು ಹೆಸರಾದ ಈ ಕಾಯಿಲೆ ಅತ್ಯಂತ ವಿರಳ. ಇದರಲ್ಲಿ ಪ್ಲೇಟ್‌ಲೆಟ್‌ನ ಹೊರಮೈಗೆ ಸೆರೀನ್ ಕೊಬ್ಬು ಬರುವುದೇ ಇಲ್ಲ ಎಂಬುದು ಕ್ರಮೇಣ ತಿಳಿಯಿತು. ಎಲ್ಲ ಕೆಲಸಗಾರರೂ ಬಂದಿದ್ದಾರೆ, ಕುಳಿತು ಕೆಲಸ ಮಾಡಲು ಜಗಲಿಯೇ ಇಲ್ಲ!

ಜಗಲಿ ಹಾಕುವ ಪ್ರೋಟೀನು ಯಾವುದೆಂದು ತಿಳಿಯಲು ಮತ್ತೆ ಮೂವತ್ತೊಂದು ವರ್ಷ ಹಿಡಿಯಿತು. 2010ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಜುನ್ ಸುಜುಕಿ, ಶಿಗೆಕಾಜು ನಾಗಾತ ಮತ್ತು ಸಂಗಡಿಗರು ಟಿ.ಎಂ.ಇ.ಎಂ. 16 ಎಫ್ ಎಂಬ ಪ್ರೋಟೀನನ್ನು ಗುರುತಿಸಿದರು. ಸ್ಕಾಟ್ ಸಿಂಡ್ರೋಮ್ ಇದ್ದ ರೋಗಿಯಲ್ಲಿ ಇದರ ಜೀನ್ ಕೆಟ್ಟಿದ್ದುದೂ ಕಂಡುಬಂತು. ಇದು ಕ್ಯಾಲ್ಸಿಯಂನಿಂದ ತೆರೆಯುವ ಸ್ಕ್ರಾಂಬ್ಲೇಸ್. ಗಾಯವಾದಾಗ ಪ್ಲೇಟ್‌ಲೆಟ್‌ನ ಒಳಗೆ ಕ್ಯಾಲ್ಸಿಯಂ ಏರುತ್ತದೆ. ಅದು ಈ ಬಾಗಿಲಿನ ಕೀಲಿಕೈ. ಬಾಗಿಲು ತೆರೆದ ಕೂಡಲೆ ಒಳಗಿನ ಸೆರೀನ್ ಕೊಬ್ಬು ಹೊರಮೈಗೆ ಹರಡುತ್ತದೆ. ಹೆಪ್ಪುಗಟ್ಟಿಸುವ ಪ್ರೋಟೀನುಗಳು ಬಂದು ಅದರ ಮೇಲೆ ಕೂರುತ್ತವೆ. ಮೆಟ್ಟುಕತ್ತಿಯ ಗಾಯ ಮಾಯುವುದರ ಹಿಂದೆ ಇಷ್ಟು ವ್ಯವಸ್ಥೆ.

ಸಾಯುವ ಕೋಶದ ಕೊನೆಯ ಮಾತು

ಸೆರೀನ್ ಕೊಬ್ಬು ಹೊರಗೆ ಬರುವುದಕ್ಕೆ ಇನ್ನೊಂದು ಅರ್ಥವೂ ಇದೆ. ನಮ್ಮ ಶರೀರದಲ್ಲಿ ದಿನವೊಂದಕ್ಕೆ ಸಾವಿರಾರು ಕೋಟಿ ಜೀವಕೋಶಗಳು ತಮ್ಮ ಆಯುಸ್ಸು ಮುಗಿಸಿ ಸಾಯುತ್ತವೆ. ಅವುಗಳ ಶವಗಳನ್ನು ಕೂಡಲೆ ತೆಗೆದುಹಾಕದಿದ್ದರೆ ಅವು ಒಡೆದು ಒಳಗಿನ ದ್ರವ ಚೆಲ್ಲಿ ಉರಿಯೂತವಾದೀತು. ಶವ ತೆಗೆಯುವ ಕೆಲಸ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳದು. ಬದುಕಿರುವುದು ಯಾವುದು, ಸಾಯುತ್ತಿರುವುದು ಯಾವುದು ಎಂದು ಅವು ಗುರುತಿಸುವುದು ಹೇಗೆ? ಸಾಯುವ ಕೋಶ ಸೆರೀನ್ ಕೊಬ್ಬನ್ನು ಹೊರಮೈಗೆ ತಂದು ತೋರಿಸುತ್ತದೆ, ಭಕ್ಷಕ ಕೋಶ ಅದನ್ನು ಕಂಡು ಬಂದು ನುಂಗುತ್ತದೆ ಎಂಬುದು 1992ರಲ್ಲಿ ಪ್ರಕಟವಾಯಿತು.

ಇಲ್ಲಿಯ ಏರ್ಪಾಡು ಗಮನಾರ್ಹ. ಸಾಯುವ ನಿರ್ಧಾರವಾದ ಕೋಶದೊಳಗೆ ಕ್ಯಾಸ್ಪೇಸ್ ಎಂಬ ಕತ್ತರಿಗಳು ಎಚ್ಚರಗೊಳ್ಳುತ್ತವೆ. ಅವು ಒಂದು ಸ್ಕ್ರಾಂಬ್ಲೇಸಿನ ತುದಿಯನ್ನು ಕತ್ತರಿಸಿ ಅದನ್ನು ತೆರೆದುಬಿಡುತ್ತವೆ. ಇದನ್ನು ನಾಗಾತ ಅವರ ತಂಡ 2013ರಲ್ಲಿ ತೋರಿಸಿತು. ಬಾಗಿಲು ತೆರೆದರಷ್ಟೇ ಸಾಲದು. ಹೊರಬಂದದ್ದನ್ನು ಫ್ಲಿಪ್ಪೇಸ್ ಮತ್ತೆ ಒಳಗೆ ಸೇರಿಸುತ್ತಿದ್ದರೆ ಪ್ರಯೋಜನವಿಲ್ಲ. ಅದಕ್ಕಾಗಿ ಅದೇ ಕತ್ತರಿಗಳು ಫ್ಲಿಪ್ಪೇಸನ್ನೂ ಕತ್ತರಿಸಿ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಇದನ್ನು ಅದೇ ತಂಡ 2014ರಲ್ಲಿ ಕಂಡುಹಿಡಿಯಿತು. ಕಡವಿನ ಒಬ್ಬ ಅಂಬಿಗನಿಗೆ ಬಿಡುವು ಕೊಟ್ಟು, ಇನ್ನೊಬ್ಬನನ್ನು ಹಗ್ಗ ಬಿಚ್ಚಿ ಬಿಟ್ಟಂತೆ.

ಈ ಗುರುತನ್ನು ಕಳ್ಳತನಕ್ಕೆ ಬಳಸುವವರೂ ಇದ್ದಾರೆ. ಕೆಲವು ವೈರಸ್‌ಗಳು ತಮ್ಮ ಹೊದಿಕೆಯ ಮೇಲೆ ಸೆರೀನ್ ಕೊಬ್ಬನ್ನು ಹೊತ್ತುಕೊಂಡು, ಸತ್ತ ಕೋಶದ ವೇಷದಲ್ಲಿ ಹೊಸ ಕೋಶಗಳೊಳಗೆ ನುಗ್ಗುತ್ತವೆ. ಸಿಡುಬಿನ ಲಸಿಕೆಗೆ ಬಳಸುತ್ತಿದ್ದ ವ್ಯಾಕ್ಸೀನಿಯ ವೈರಸ್ ಹೀಗೆ ಮಾಡುವುದು 2008ರಲ್ಲಿ ತಿಳಿಯಿತು.

ವಯನಾಡಿನ ಕುಡುಗೋಲು ರಕ್ತಕಣ

ಇದೆಲ್ಲ ದೂರದೇಶದ ಪ್ರಯೋಗಶಾಲೆಗಳ ಮಾತಾಯಿತು, ನಮಗೇನು ಎಂದು ಕೇಳಬಹುದು. ನಮ್ಮ ನೆರೆಯಲ್ಲೇ ಇದಕ್ಕೆ ಸಂಬಂಧಿಸಿದ ಒಂದು ಸಂಕಟವಿದೆ. ಭಾರತದಲ್ಲಿ ಕುಡುಗೋಲು ರಕ್ತಕಣದ ಲಕ್ಷಣ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಗುಡ್ಡಗಾಡು ಜನರಲ್ಲಿ. ವಯನಾಡಿನ ಆದಿವಾಸಿ ಸಮುದಾಯಗಳಲ್ಲಿಯೂ ಅಲ್ಲಿನ ಚೆಟ್ಟಿ ಸಮುದಾಯದಲ್ಲಿಯೂ ಇದು ಇದೆ. ಆಂಗ್ಲ ವೈದ್ಯದಲ್ಲಿ ಇದು ಸಿಕಲ್ ಸೆಲ್ ಕಾಯಿಲೆ.

ಈ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ಪ್ರೋಟೀನಿನ ಒಂದು ಸಣ್ಣ ಬದಲಾವಣೆಯಿಂದಾಗಿ, ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತಡೆಯಲಾಗದ ನೋವು ತರುತ್ತವೆ. ಇಷ್ಟು ಬಹಳ ಮಂದಿಗೆ ಗೊತ್ತು. ಪೊರೆಯ ಕಥೆ ಅಷ್ಟಾಗಿ ಗೊತ್ತಿಲ್ಲ. ಮತ್ತೆ ಮತ್ತೆ ಬಾಗಿ ನೆಟ್ಟಗಾಗುವ ಕಣದೊಳಗೆ ಕ್ಯಾಲ್ಸಿಯಂ ನುಸುಳುತ್ತದೆ. ಫ್ಲಿಪ್ಪೇಸ್ ಸೋಲುತ್ತದೆ, ಕಲಸುವ ಕೆಲಸ ಮೇಲುಗೈಯಾಗುತ್ತದೆ. ಹೀಗೆ ಒಂದಷ್ಟು ಕಣಗಳ ಹೊರಮೈಗೆ ಸೆರೀನ್ ಕೊಬ್ಬು ಬಂದುಬಿಡುತ್ತದೆ. ಗಾಯವಿಲ್ಲದೆಯೂ ಅಲ್ಲಿ ಹೆಪ್ಪುಗಟ್ಟಿಸುವ ಜಗಲಿ ಸಿದ್ಧವಾಯಿತು! ಅಂತಹ ಕಣಗಳು ನಾಳದ ಗೋಡೆಗೆ ಅಂಟಿಕೊಳ್ಳುತ್ತವೆ. ಭಕ್ಷಕ ಕೋಶಗಳು ಅವನ್ನು ಸತ್ತವೆಂದೇ ತಿಳಿದು ನುಂಗುತ್ತವೆ. ಈ ರೋಗಿಗಳಲ್ಲಿ ರಕ್ತಹೀನತೆಯೂ ರಕ್ತ ಅಸ್ಥಾನದಲ್ಲಿ ಹೆಪ್ಪುಗಟ್ಟುವ ಪ್ರವೃತ್ತಿಯೂ ಒಟ್ಟೊಟ್ಟಿಗೆ ಕಾಣುವುದಕ್ಕೆ ಇದೂ ಒಂದು ಕಾರಣ.

ತಂದೆ ತಾಯಿ ಇಬ್ಬರೂ ಈ ಲಕ್ಷಣವನ್ನು ಹೊತ್ತವರಾಗಿದ್ದರೆ, ಅವರಿಗೆ ಏನೂ ತೊಂದರೆ ಇಲ್ಲದಿದ್ದರೂ, ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಒಂದು ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು. ಹೈಡ್ರಾಕ್ಸಿಯೂರಿಯ ಎಂಬ ಮಾತ್ರೆಯಿಂದ ನೋವಿನ ಸರದಿಗಳು ಕಡಿಮೆಯಾಗುತ್ತವೆ. ಕೇಂದ್ರ ಸರಕಾರವು 2023ರ ಜುಲೈ 1ರಂದು ಈ ಕಾಯಿಲೆಯ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಯೋಜನೆಯೊಂದನ್ನು ಪ್ರಾರಂಭಿಸಿ, 2047ನೇ ಇಸವಿಯನ್ನು ಗುರಿಯಾಗಿ ಇಟ್ಟುಕೊಂಡಿದೆ. ಮದುವೆಗೆ ಮುನ್ನ ಜಾತಕ ನೋಡುವ ಮನೆಗಳಲ್ಲಿ, ಈ ಲಕ್ಷಣ ಇರುವ ಪ್ರದೇಶಗಳವರು, ರಕ್ತಪರೀಕ್ಷೆಯ ಚೀಟಿಯನ್ನೂ ಜೊತೆಗಿಟ್ಟು ನೋಡುವುದು ಒಳ್ಳೆಯದು.

ಪಿತ್ತರಸಕ್ಕೂ ಬೇಕು ಅಂಬಿಗ

ಹೊರಕ್ಕೆ ದಾಟಿಸುವ ಫ್ಲಾಪ್ಪೇಸಿನ ಮಹತ್ವವನ್ನು ತೋರಿಸಿಕೊಟ್ಟದ್ದು ಒಂದು ಇಲಿ. ನಮ್ಮ ಪಿತ್ತಜನಕಾಂಗದಲ್ಲಿ ತಯಾರಾಗುವ ಪಿತ್ತರಸದಲ್ಲಿ ಕೊಬ್ಬನ್ನು ಕರಗಿಸುವ ಲವಣಗಳಿವೆ. ಸಾಬೂನು ಜಿಡ್ಡನ್ನು ಕರಗಿಸುವಂತೆ ಅವು ನಾವುಂಡ ಎಣ್ಣೆ ತುಪ್ಪಗಳನ್ನು ಕರಗಿಸುತ್ತವೆ. ಆದರೆ ಜೀವಕೋಶದ ಪೊರೆಯೂ ಕೊಬ್ಬೇ ತಾನೆ? ಪಿತ್ತನಾಳಗಳ ಗೋಡೆಯನ್ನೇ ಅವು ಕರಗಿಸದಂತೆ ತಡೆಯುವುದು ಪಿತ್ತರಸದಲ್ಲಿ ಬೆರೆತಿರುವ ಕೋಲೀನ್ ತಲೆಯ ಕೊಬ್ಬು. ಲವಣಗಳು ಅದರೊಡನೆ ಸೇರಿಕೊಂಡು ಸೌಮ್ಯವಾಗುತ್ತವೆ.

1993ರಲ್ಲಿ ಆಮ್‌ಸ್ಟರ್‌ಡಾಂನ ಸಂಶೋಧಕರು ಒಂದು ಜೀನ್ ಇಲ್ಲದ ಇಲಿಗಳನ್ನು ಬೆಳೆಸಿದರು. ಅವುಗಳ ಪಿತ್ತರಸದಲ್ಲಿ ಆ ಕೊಬ್ಬು ಇರಲೇ ಇಲ್ಲ, ಪಿತ್ತಜನಕಾಂಗ ಹಾಳಾಗಿತ್ತು. ಆ ಜೀನ್ ತಯಾರಿಸುವ ಪ್ರೋಟೀನು ಕೊಬ್ಬನ್ನು ಪೊರೆಯ ಹೊರಮೈಗೆ ದಾಟಿಸುವ ಫ್ಲಾಪ್ಪೇಸ್ ಆಗಿತ್ತು. ಮನುಷ್ಯರಲ್ಲಿ ಇದೇ ಜೀನ್ ಕೆಟ್ಟ ಮಕ್ಕಳಿಗೆ ಎಳವೆಯಲ್ಲೇ ತುರಿಕೆ, ಕಾಮಾಲೆ ಕಾಣಿಸಿಕೊಂಡು ಪಿತ್ತಜನಕಾಂಗ ಗಟ್ಟಿಯಾಗುತ್ತ ಹೋಗುತ್ತದೆ. ದೋಷ ಅಲ್ಪವಾಗಿದ್ದವರಲ್ಲಿ ಚಿಕ್ಕ ಪ್ರಾಯದಲ್ಲೇ ಪಿತ್ತಕೋಶದ ಕಲ್ಲುಗಳಾಗುವುದುಂಟು. ಕೆಲವು ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಮೈಯೆಲ್ಲ ತುರಿಕೆ ಏಳುವುದಕ್ಕೂ ಇದು ಕಾರಣಗಳಲ್ಲೊಂದು. ಅರ್ಸೋಡಿಯಾಕ್ಸಿಕೋಲಿಕ್ ಆಮ್ಲ ಎಂಬ ಔಷಧದಿಂದ ಹಲವರಿಗೆ ಪ್ರಯೋಜನವಾಗುತ್ತದೆ. ತೀವ್ರವಾದ ರೋಗದಲ್ಲಿ ಪಿತ್ತಜನಕಾಂಗದ ಕಸಿಯೇ ಬೇಕಾದೀತು. ಮಗುವಿನ ಕಾಮಾಲೆ ವಾರಗಟ್ಟಲೆ ಇಳಿಯದಿದ್ದರೆ ನೆಲನೆಲ್ಲಿ ಅರೆದು ಕುಡಿಸಿ ಕಾದುಕೊಂಡಿರದೆ ವೈದ್ಯರಲ್ಲಿ ತೋರಿಸಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಶತ್ರುವಿನ ಅಂಬಿಗ

ಈ ಅಂಬಿಗರು ನಮ್ಮಲ್ಲಿ ಮಾತ್ರವಲ್ಲ, ನಮ್ಮನ್ನು ಕಾಡುವ ರೋಗಾಣುಗಳಲ್ಲೂ ಇದ್ದಾರೆ. ಬಿಹಾರ ಮತ್ತು ಬಂಗಾಳ ಪ್ರದೇಶಗಳನ್ನು ಬಹುಕಾಲ ಪೀಡಿಸಿದ ಕಾಲಾ ಅಜಾರ್ ರೋಗಕ್ಕೆ ಮಿಲ್ಟಿಫೋಸಿನ್ ಎಂಬ ನುಂಗುವ ಔಷಧವನ್ನು 2002ರಲ್ಲಿ ಭಾರತದಲ್ಲಿ ಅಂಗೀಕರಿಸಲಾಯಿತು. ಈ ಔಷಧದ ಅಣುವಿನ ಆಕಾರ ಕೊಬ್ಬಿನ ಅಣುವನ್ನು ಹೋಲುತ್ತದೆ. ರೋಗಾಣುವಿನ ಫ್ಲಿಪ್ಪೇಸ್ ಇದನ್ನು ತನ್ನದೇ ಪ್ರಯಾಣಿಕನೆಂದು ಬಗೆದು ಒಳಕ್ಕೆ ದಾಟಿಸುತ್ತದೆ; ಒಳಹೊಕ್ಕ ಔಷಧ ರೋಗಾಣುವನ್ನು ಕೊಲ್ಲುತ್ತದೆ. ಆ ಅಂಬಿಗನೇ ಇಲ್ಲದ ರೋಗಾಣುವಿಗೆ ಔಷಧ ತಟ್ಟುವುದಿಲ್ಲ ಎಂಬುದು 2003ರಲ್ಲಿ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. 2014ರಿಂದ ಭಾರತದಲ್ಲಿ ಈ ರೋಗಕ್ಕೆ ಒಂದೇ ಸಲಕ್ಕೆ ಕೊಡುವ ಇನ್ನೊಂದು ಔಷಧಕ್ಕೆ ಮೊದಲ ಸ್ಥಾನ ದೊರೆತಿದೆ. ಆ ಔಷಧವನ್ನು ತುಂಬಿಸಿರುವುದು ಕೊಬ್ಬಿನ ಎರಡು ಪದರಗಳಿಂದಲೇ ಮಾಡಿದ ಸೂಕ್ಷ್ಮ ಗುಳ್ಳೆಗಳಲ್ಲಿ!

ದಿನವೂ ತೆರುವ ಕೂಲಿ

ಫ್ಲಿಪ್ಪೇಸ್‌ಗಳು ದಿನವಿಡೀ ಎ.ಟಿ.ಪಿ. ಖರ್ಚು ಮಾಡಿ ಸೆರೀನ್ ಕೊಬ್ಬನ್ನು ಒಳಕ್ಕೆ ಎಳೆದು ಹಾಕುತ್ತಿರುತ್ತವೆ. ಗದ್ದೆಗೆ ನುಗ್ಗುವ ನೀರನ್ನು ಮಳೆಗಾಲವಿಡೀ ಎತ್ತಿ ಹೊರಹಾಕುತ್ತಿದ್ದ ಹಾಗೆ. ಇಷ್ಟು ಖರ್ಚು ಯಾಕೆ ಎಂದರೆ, ಎರಡು ಮೈಗಳಿಗೆ ವ್ಯತ್ಯಾಸವಿದ್ದರೆ ಮಾತ್ರ ಆ ವ್ಯತ್ಯಾಸವನ್ನು ಮುರಿದು ಏನನ್ನಾದರೂ ತಿಳಿಸಲು ಸಾಧ್ಯ. ಸದಾ ಹೊಡೆಯುತ್ತಿರುವ ಗಂಟೆಯಿಂದ ಯಾರಿಗೂ ಏನೂ ತಿಳಿಯದು. ಇಲ್ಲಿ ಗಾಯವಾಗಿದೆ, ಈ ಕೋಶ ಸಾಯುತ್ತಿದೆ ಎಂದು ಸೆರೀನ್ ಕೊಬ್ಬು ಹೊರಬಂದು ಹೇಳಬೇಕಾದರೆ ಉಳಿದೆಲ್ಲ ಹೊತ್ತು ಅದು ಒಳಗೇ ಇರಬೇಕು.

ಸಂಶೋಧನೆ ಇಲ್ಲಿಗೆ ಮುಗಿದಿಲ್ಲ. ಕಣ್ಣಿನಲ್ಲಿ ಬೆಳಕನ್ನು ಗುರುತಿಸುವ ಪ್ರೋಟೀನೇ ಸ್ಕ್ರಾಂಬ್ಲೇಸ್ ಕೆಲಸವನ್ನೂ ಮಾಡಬ್ಬಲ್ಲದೆಂದು ಮೆನನ್ ಅವರ ತಂಡ 2011ರಲ್ಲಿ ತೋರಿಸಿ ಆಶ್ಚರ್ಯ ಹುಟ್ಟಿಸಿತು. ಕೋಶದೊಳಗೆ ಒಂದು ಪೊರೆಯಿಂದ ಇನ್ನೊಂದಕ್ಕೆ ಸಂಕದಂತೆ ಚಾಚಿಕೊಂಡು ಕೊಬ್ಬನ್ನು ಹರಿಸುವ ಪ್ರೋಟೀನುಗಳು ಈಚಿನ ವರ್ಷಗಳಲ್ಲಿ ಕಂಡುಬಂದಿವೆ. ಆ ಸಂಕದ ಎರಡೂ ತುದಿಗಳಲ್ಲಿ ಸ್ಕ್ರಾಂಬ್ಲೇಸ್‌ಗಳು ನಿಂತು, ಬಂದ ಕೊಬ್ಬನ್ನು ಎರಡು ಪದರಗಳಿಗೂ ಹಂಚುತ್ತವೆಂದು ತಿಳಿದುಬರುತ್ತಿದೆ. ಗಾರ್ಟರ್ ಮತ್ತು ಗ್ರೆಂಡೆಲ್ ನೀರಿನ ಮೇಲೆ ಕೊಬ್ಬು ಹರಡಿ ಅಳೆದು ನೂರು ವರ್ಷಗಳಾದವು. ಅಂದು ಪದರಗಳೆಷ್ಟು ಎಂದು ಕೇಳಿದ್ದವರ ಉತ್ತರಾಧಿಕಾರಿಗಳು ಇಂದು ಒಂದು ಅಣು ಈಚೆ ಪದರದಿಂದ ಆಚೆ ಪದರಕ್ಕೆ ಹೋಗುವ ದಾರಿಯನ್ನು ಪರಮಾಣು ಪರಮಾಣುವಾಗಿ ಗುರುತಿಸುತ್ತಿದ್ದಾರೆ. ರಕ್ತ ನಿಲ್ಲದವರಿಗೆ, ಅಸ್ಥಾನದಲ್ಲಿ ರಕ್ತ ಹೆಪ್ಪುಗಟ್ಟುವವರಿಗೆ, ಪಿತ್ತ ಕೆಟ್ಟ ಮಕ್ಕಳಿಗೆ ಮುಂದೆ ದೊರೆಯಬಹುದಾದ ಔಷಧಗಳು ಆ ದಾರಿಯಲ್ಲೇ ಇವೆ.